ಮಳೆಗೆ ಮೊದಲು ಆಕ್ಸಲ್ ಬೂಟ್ ಒಮ್ಮೆ ಬಗ್ಗಿ ನೋಡಿ

ಬದಿಯಡ್ಕ, ಪೆರ್ಲ ಕಡೆಯ ಒಳರಸ್ತೆಗಳಲ್ಲಿ ಕಾರು ಓಡಿಸುವವರು ಪತ್ತನಾಜೆ (ಮೇ ತಿಂಗಳ ಕೊನೆ) ಹೊತ್ತಿಗೆ ವೈಪರ್ ಬದಲಿಸುತ್ತಾರೆ, ಟಯರ್ ನೋಡುತ್ತಾರೆ. ಆಕ್ಸಲ್ ಬೂಟ್ ನೋಡುವವರು ಕಡಿಮೆ. ಮುಂದಿನ ಚಕ್ರ ತಿರುಗಿಸುವ ಶಾಫ್ಟಿನ ಎರಡೂ ತುದಿಯಲ್ಲಿ ಸಿವಿ ಜಾಯಿಂಟ್, ಅಂದರೆ ಚಕ್ರ ಓರೆಯಾದಾಗಲೂ ಶಾಫ್ಟ್ ಸರಾಗ ತಿರುಗುವಂತೆ ಮಾಡುವ ಕೀಲು, ಇರುತ್ತದೆ. ಅದರ ಗ್ರೀಸ್ ಹೊರಗೆ ಹೋಗದಂತೆ, ನೀರು ಮಣ್ಣು ಒಳಗೆ ಬರದಂತೆ ಕಾಯುವ ಮಡಿಕೆ ಮಡಿಕೆಯ ರಬ್ಬರ್ ಚೀಲವೇ ಬೂಟ್. ಎರಡು ಶಾಫ್ಟಿಗೆ ಒಟ್ಟು 4. ಇದು ಹರಿದದ್ದು ಗೊತ್ತಾಗದೆ ಒಂದು ಮಳೆಗಾಲ ಓಡಿಸಿದರೆ ಜಾಯಿಂಟ್ ಉಳಿಯುವುದು ಕಷ್ಟ.

ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಸ್ಟೇರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ. ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿ. ಆಮೇಲೆ ಇನ್ನೊಂದು ಬದಿಗೆ ತಿರುಗಿಸಿ ಮತ್ತೆ ನೋಡಿ, ಯಾಕೆಂದರೆ ಬಿರುಕು ಇರುವುದು ಮಡಿಕೆಯ ಒಳಗೆ, ಅದು ಎಳೆದು ಬಿಚ್ಚಿಕೊಂಡಾಗ ಮಾತ್ರ ಕಾಣುತ್ತದೆ. ಶಾಫ್ಟ್ ಬಿಸಿ ಇಲ್ಲದಾಗ ಮಡಿಕೆಗಳನ್ನು ಬೆರಳಲ್ಲಿ ಒತ್ತಿ ನೋಡಿ. ಬೂಟಿನ ತುದಿಯನ್ನು ಬಿಗಿಹಿಡಿಯುವ ಕ್ಲ್ಯಾಂಪ್ ಸಡಿಲವಾಗಿದ್ದರೆ ಅಲ್ಲಿಂದಲೂ ಗ್ರೀಸ್ ಜಿನುಗುತ್ತದೆ. ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸ್ ಎರಚಿದ ಹಾಗಿದ್ದರೆ ಬೂಟ್ ಹರಿದಿರುವ ಸಾಧ್ಯತೆಯೇ ಜಾಸ್ತಿ. ಆ ಗ್ರೀಸನ್ನು ಸ್ವಲ್ಪ ತೆಗೆದು ಬೆರಳುಗಳ ನಡುವೆ ತಿಕ್ಕಿ. ನಯವಾಗಿದ್ದರೆ ಆಸೆ ಇದೆ. ನಮ್ಮ ಮುರಕಲ್ಲಿನ ಹುಡಿ ಸೇರಿ ತರಿ ತರಿಯಾಗಿದ್ದರೆ ಒಳಗಿನ ಗುಂಡುಗಳು ಆಗಲೇ ಸವೆಯುತ್ತಿರಬಹುದು.

ಒಳಬದಿಯ ಬೂಟ್ ಹೀಗೆ ಸರಿಯಾಗಿ ಕಾಣುವುದಿಲ್ಲ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಅಡಿಗೆ ದಯವಿಟ್ಟು ಹೋಗಬೇಡಿ. ಸರ್ವೀಸಿಗೆ ಕೊಟ್ಟಾಗ ಲಿಫ್ಟ್ ಮೇಲಿದ್ದ ಹೊತ್ತಿಗೆ ನೀವೇ ನೋಡಿ.

ಇನ್ನು ಶಬ್ದ. ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಟಕ ಟಕ ಎಂದರೆ ಹೊರಗಿನ ಜಾಯಿಂಟೇ ಸವೆದಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಹೊಸ ಬೂಟ್ ಹಾಕಿದರೆ ಸುಮ್ನೆ ದುಡ್ಡು ದಂಡ. ಶಬ್ದ ಇಲ್ಲ, ಗ್ರೀಸೂ ನಯವಾಗಿದೆ ಎಂದಾದರೆ ಬೂಟ್ ಕಿಟ್ ಸಾಕು. ಬೂಟ್, ಕ್ಲ್ಯಾಂಪ್, ಗ್ರೀಸ್ ಸಾಮಾನ್ಯವಾಗಿ ಅದರಲ್ಲೇ ಬರುತ್ತದೆ. ಮೆಕ್ಯಾನಿಕ್ ಹತ್ತಿರ ಮೂರು ಮಾತು ಹೇಳಿ: ಹಳೇ ಗ್ರೀಸ್ ಪೂರ್ತಿ ತೊಳೆದು ತೆಗೆಯಬೇಕು, ಕಿಟ್ಟಿನ ಗ್ರೀಸೇ ಹಾಕಬೇಕು, ಕ್ಲ್ಯಾಂಪ್ ಬದಲು ಪ್ಲಾಸ್ಟಿಕ್ ಟೈ ಕಟ್ಟಬಾರದು. ಶಾಫ್ಟ್ ಹೊರಗೆ ಎಳೆದಿದ್ದರೆ ಗಿಯರ್ ಆಯಿಲ್ ಮಟ್ಟವನ್ನೂ ನೋಡಿಸಿ.

ಮಳೆಗೆ ಮುಂಚೆ ಕಾರಿನ ಅಡಿಗೆ ಹಳೇ ಎಂಜಿನ್ ಆಯಿಲ್, ಡೀಸೆಲ್ ಹೊಡೆಸುವವರು ನಮ್ಮಲ್ಲಿದ್ದಾರೆ ಅಲ್ವಾ? ಅದು ರಬ್ಬರಿಗೆ ಒಳ್ಳೆಯದಲ್ಲ, ಬೂಟಿಗೆ ತಾಗಿಸಬೇಡಿ. ಕೆಸರು ಹಿಡಿದರೆ ಬರೀ ನೀರು ಹಾಕಿ ತೊಳೆಯಿರಿ, ಅದೂ ಪ್ರೆಷರ್ ಗನ್ನನ್ನು ಹತ್ತಿರ ಹಿಡಿಯದೆ.