ಲೋಟದ ಲೆಕ್ಕ ಪಾಸ್ತಾಕ್ಕೆ ಹೊಂದದು: ಒಬ್ಬರಿಗೆ ಎಷ್ಟು ಹಾಕಬೇಕು?

ಶಿರಸಿ ಕಡೆಯ ಅಡುಗೆಮನೆಯಲ್ಲಿ ಅನ್ನಕ್ಕಿಡುವಾಗ ಯಾರೂ ತಕ್ಕಡಿ ಹುಡುಕುವುದಿಲ್ಲ. ಅಕ್ಕಿ ಡಬ್ಬದೊಳಗೇ ಒಂದು ಸಿದ್ದೆಯೋ ಹಳೇ ಸ್ಟೀಲ್ ಲೋಟವೋ ಬಿದ್ದಿರುತ್ತದೆ. ಇಷ್ಟು ಜನಕ್ಕೆ ಇಷ್ಟು ಎಂಬುದು ಕೈಗೇ ಗೊತ್ತು. ನೆಂಟರು ಬಂದರೆ ಮೇಲೊಂದು ಮುಷ್ಟಿ. ಅದೇ ಲೋಟವನ್ನು ಪಾಸ್ತಾ ಪೊಟ್ಟಣಕ್ಕೆ ಇಳಿಸಿದ ದಿನ ಲೆಕ್ಕ ಕೆಡುತ್ತದೆ. ಒಂದು ಸಲ ತಪ್ಪಲೆ ತುಂಬ ಉಳಿದು ಮರುದಿನ ದನದ ಬಾನಿಗೆ ಹೋಗುತ್ತದೆ, ಇನ್ನೊಂದು ಸಲ ಮಕ್ಕಳು ತಟ್ಟೆ ಕೆರೆಯುತ್ತ ಕೂತಿರುತ್ತಾರೆ.

ತಪ್ಪು ಕೈಯದಲ್ಲ, ಆಕಾರದ್ದು. ಅಕ್ಕಿಕಾಳು ಸಣ್ಣದು, ಒಂದಕ್ಕೊಂದು ಒತ್ತಿಕೊಂಡು ಕೂರುತ್ತದೆ. 200 ಮಿಲಿಲೀಟರ್ ಲೋಟದಲ್ಲಿ 160ರಿಂದ 170 ಗ್ರಾಂ ಹಿಡಿಯುತ್ತದೆ. ಅಕ್ಕಿ ಬದಲಾದರೂ ಈ ಲೆಕ್ಕ ಹೆಚ್ಚು ಆಚೀಚೆ ಆಗದು. ಅದೇ ಲೋಟಕ್ಕೆ ಕೊಂಕು ಮ್ಯಾಕರೋನಿ ತುಂಬಿದರೆ 90 ಗ್ರಾಂ ಆಸುಪಾಸು, ನಳಿಗೆಯಂಥ ಪೆನ್ನೆ ಅಥವಾ ತಿರುಪಿನ ಫುಸಿಲ್ಲಿ ತುಂಬಿದರೆ 60ರ ಸುತ್ತಮುತ್ತ, ಚಿಟ್ಟೆಯಂಥ ಫರ್ಫಾಲೆಯಾದರೆ 50ರಿಂದ 60. ಮಿಕ್ಕಿದ್ದೆಲ್ಲ ನಳಿಗೆಯೊಳಗಿನ, ಸಂದಿನೊಳಗಿನ ಗಾಳಿ. ಸಾಲದ್ದಕ್ಕೆ, ಅಕ್ಕಿ ಬೆಂದಾಗ ತೂಕ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ಪಾಸ್ತಾ ಎರಡು, ಎರಡೂಕಾಲು ಪಟ್ಟಿಗೇ ನಿಲ್ಲುತ್ತದೆ. ಒಂದು ಲೋಟ ಅಕ್ಕಿಯಲ್ಲಿ ಇಬ್ಬರು ಉಂಡೇಳಬಹುದು, ಒಂದು ಲೋಟ ಪೆನ್ನೆ ಒಬ್ಬರ ಊಟಕ್ಕೂ ಸಾಲದು. ಹಾಗಾಗಿ ಪಾಸ್ತಾಕ್ಕೆ ತೂಕವೇ ಲೆಕ್ಕ. ಲೋಟ ಬೇಕೇ ಬೇಕೆಂದರೆ ಅದನ್ನು ಮೊದಲು ತೂಕಕ್ಕೆ ಹೊಂದಿಸಿಕೊಳ್ಳಬೇಕು.

ಎಷ್ಟು ಗ್ರಾಂ?

ಇಟಲಿಯ ಆಹಾರ ಶಿಫಾರಸಿನಲ್ಲಿ ಒಂದು ಸಲದ ಒಣ ಪಾಸ್ತಾ 80 ಗ್ರಾಂ. ಅಮೆರಿಕದ ಪೊಟ್ಟಣಗಳ ಮೇಲೆ 2 ಔನ್ಸ್, ಅಂದರೆ 56 ಗ್ರಾಂ ಎಂದಿರುತ್ತದೆ. ಅಷ್ಟರಲ್ಲೇ ಊಟ ಮುಗಿಸುವವರು ಕಡಿಮೆ. ನಮ್ಮ ಮನೆಗಳಿಗೆ 80 ಗ್ರಾಮನ್ನೇ ನಡುಗೆರೆಯಾಗಿ ಇಟ್ಟುಕೊಳ್ಳುವುದು ಸರಿ. ಬೆಂದು ಬಸಿದ ಮೇಲೆ ಅದು 170–180 ಗ್ರಾಂ ಆಗುತ್ತದೆ. ಮೇಲೋಗರ ಬಿಟ್ಟು ಬರೀ ಪಾಸ್ತಾದ್ದೇ 280 ಕ್ಯಾಲೊರಿ.

ಇಲ್ಲಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಸಂಜೆಯ ತಿಂಡಿಗೆ 50–60 ಗ್ರಾಂ ಸಾಕು, ಸೂಪಿಗೆ ಹಾಕುವುದಾದರೆ 30. ಸಣ್ಣ ಮಕ್ಕಳಿಗೆ 40–50. ಸೀಗಡಿಯೋ ತರಕಾರಿಯೋ ಧಾರಾಳವಾಗಿ ಬಿದ್ದರೆ ದೊಡ್ಡವರಿಗೂ 70ಕ್ಕೆ ಇಳಿಸಬಹುದು. ಬರೀ ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನ ಚೂರು ಎಂದಾದರೆ 100ಕ್ಕೆ ಏರಿಸಿ. ತೋಟಕ್ಕೆ ಮದ್ದು ಹೊಡೆದು ಬಂದವರ, ದೋಣಿಯಿಂದ ಇಳಿದು ಬಂದವರ ಹಸಿವಿಗೆ 120 ಕೂಡ ಹೆಚ್ಚಲ್ಲ.

ತಕ್ಕಡಿ ಇದ್ದರೆ

ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಅಲುಗದ ಜಾಗದಲ್ಲಿಡಿ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೆ ನಿಲ್ಲಿಸಿ. ಖಾಲಿ ಬೋಗುಣಿ ಇಟ್ಟ ಮೇಲೆಯೇ ಸೊನ್ನೆಯ ಗುಂಡಿ ಒತ್ತಬೇಕು. ಮೊದಲೇ ಒತ್ತಿ ಆಮೇಲೆ ಬೋಗುಣಿ ಇಟ್ಟರೆ ಅದರ ಭಾರವೂ ಪಾಸ್ತಾದ ಲೆಕ್ಕಕ್ಕೆ ಸೇರಿ ಊಟ ಕಡಿಮೆ ಬೀಳುತ್ತದೆ. ಸೊನ್ನೆ ಕಂಡ ಕೂಡಲೇ ಮೊದಲ ಮುಷ್ಟಿಯನ್ನು ಒಟ್ಟಿಗೆ ಸುರಿಯಿರಿ. ಅಗ್ಗದ ತಕ್ಕಡಿಗಳಿಗೊಂದು ಚಾಳಿ ಇದೆ: ಒಂದೊಂದೇ ಕಾಳು ಹಾಕುತ್ತ ಹೋದರೆ ಆ ಸಣ್ಣ ಏರಿಕೆಯನ್ನು ಅಲುಗಾಟವೆಂದು ತಿಳಿದು ಸೊನ್ನೆಯಲ್ಲೇ ನುಂಗಿಬಿಡುತ್ತವೆ.

ತಕ್ಕಡಿಯ ಮೇಲೆ ಅನುಮಾನವಿದ್ದರೆ ಪರೀಕ್ಷೆ ಸುಲಭ. ಹತ್ತು ರೂಪಾಯಿಯ ಒಂದು ನಾಣ್ಯ 7.7 ಗ್ರಾಂ, ಅಂಥ ಹತ್ತು ನಾಣ್ಯ ಇಟ್ಟಾಗ 77 ತೋರಿಸಬೇಕು. ಒಂದೆರಡು ಗ್ರಾಂ ಆಚೀಚೆ ಆದರೆ ಚಿಂತೆಯಿಲ್ಲ. ಐದಾರು ಗ್ರಾಂ ತಪ್ಪಿದರೆ ಮೊದಲು ಸೆಲ್ ಬದಲಿಸಿ ನೋಡಿ.

ಸ್ಪಾಗೆಟ್ಟಿಗೆ ಕಾಗದದ ಬಳೆ

ಉದ್ದೆಳೆಯ ಪಾಸ್ತಾಕ್ಕೆ ತಕ್ಕಡಿ ಇಲ್ಲದೆಯೂ ನಡೆಯುತ್ತದೆ. ಎಳೆಗಳು ಒಂದೇ ಉದ್ದ, ಸುಮಾರು 25 ಸೆಂಟಿಮೀಟರ್, ಆದ್ದರಿಂದ ಕಟ್ಟಿನ ದಪ್ಪವೇ ತೂಕ ಹೇಳುತ್ತದೆ. ಒಂದು ಹಿಡಿ ತೆಗೆದು ತಳವನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ಬಿಗಿಯಾಗಿ ಹಿಡಿದು ತುದಿ ನೋಡಿ. ತುದಿಯ ಅಡ್ಡಳತೆ 17 ಮಿಲಿಮೀಟರ್ ಇದ್ದರೆ ಸುಮಾರು 56 ಗ್ರಾಂ, 20 ಇದ್ದರೆ 80, 22 ಇದ್ದರೆ 95ರ ಹತ್ತಿರ. 2019ರ ಸರಣಿಯ ಒಂದು ರೂಪಾಯಿ ನಾಣ್ಯ ಸರಿಯಾಗಿ 20 ಮಿಲಿಮೀಟರ್ ಅಗಲ. ಅದರ ಹಿಂದಿನ 2011ರ ಸರಣಿಯದ್ದು 22. ಡ್ರಾಯರಿನಲ್ಲಿ ಎರಡೂ ಬೆರೆತಿರುತ್ತವೆ, ಅಳತೆಪಟ್ಟಿ ಇಟ್ಟು ಆರಿಸಿಕೊಳ್ಳಿ. ನಾಣ್ಯ ಸಿಗದಿದ್ದರೆ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯ ಬಾಯಿ ಇದೆ. ಒಳಗಿನ ಅಗಲ 2 ಸೆಂಟಿಮೀಟರಿಗಿಂತ ತುಸು ಹೆಚ್ಚು, ಅದರಲ್ಲಿ ಬಿಗಿಯಾಗಿ ಹಿಡಿದಷ್ಟು ಒಬ್ಬರ ಒಳ್ಳೆಯ ಊಟ.

ಹೆಚ್ಚಿನವರು ಎಡವುವುದು ಇದರ ಮುಂದೆ. ಒಬ್ಬರಿಗೆ 20 ಮಿಲಿಮೀಟರ್ ಎಂದಾದರೆ ಇಬ್ಬರಿಗೆ 40 ಎಂದುಕೊಳ್ಳುತ್ತಾರೆ. ಆ 40 ಮಿಲಿಮೀಟರ್ ಕಟ್ಟಿನಲ್ಲಿರುವುದು ನಾಲ್ವರ ಊಟ! ಅಡ್ಡಳತೆ ಇಮ್ಮಡಿಯಾದರೆ ತುದಿಯ ಹರವು ನಾಲ್ಕು ಪಟ್ಟಾಗುತ್ತದೆ, ತೂಕವೂ ಹಾಗೆಯೇ. ಇಬ್ಬರಿಗೆ ಬೇಕಾದದ್ದು 28 ಮಿಲಿಮೀಟರ್ ಮಾತ್ರ. ಹತ್ತು ರೂಪಾಯಿ ನಾಣ್ಯ 27 ಇರುವುದರಿಂದ ಹೆಚ್ಚುಕಡಿಮೆ ಅದೇ ಇಬ್ಬರ ಅಳತೆ.

ಇನ್ನೂ ಗಟ್ಟಿ ಉಪಾಯ ಬೇಕಾದರೆ ಹಳೇ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಪಟ್ಟಿ ಕತ್ತರಿಸಿ ಬಳೆ ಅಂಟಿಸಿಡಿ. ಒಳಸುತ್ತಳತೆ ಒಬ್ಬರಿಗೆ 6.3 ಸೆಂಟಿಮೀಟರ್, ಇಬ್ಬರಿಗೆ 8.9, ಮೂವರಿಗೆ 10.9, ನಾಲ್ವರಿಗೆ 12.6. ಅಂಟು ಹಚ್ಚಲು ಒಂದು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸಿ. ಬಳೆಯೊಳಗೆ ಎಳೆ ತೂರಿಸುತ್ತ, ಇನ್ನು ಹಿಡಿಯದು ಎಂಬಲ್ಲಿ ನಿಲ್ಲಿಸಿದರಾಯಿತು. ಎಳೆ ಸಪೂರವೋ ದಪ್ಪವೋ ಎಂಬುದರಿಂದ ದೊಡ್ಡ ವ್ಯತ್ಯಾಸವಿಲ್ಲ. ನಡುವೆ ತೂತಿರುವ ಬುಕಾಟಿನಿ ಮಾತ್ರ ಇದೇ ಬಳೆಯಲ್ಲಿ ಕಡಿಮೆ ತೂಗುತ್ತದೆ. ಮುರಿದ ಎಳೆಗಳನ್ನು ಈ ಲೆಕ್ಕಕ್ಕೆ ತರಬೇಡಿ. ಅವನ್ನು ಬೇರೆ ಇಟ್ಟು ಶಾವಿಗೆ ಉಪ್ಪಿಟ್ಟಿನ ಹಾಗೆ ಒಗ್ಗರಣೆ ಹಾಕಿದರೆ ಚೆನ್ನಾಗಿರುತ್ತದೆ.

ಸ್ಪಾಗೆಟ್ಟಿ ಸೌಟಿನ ನಡುವಿನ ತೂತು ಒಬ್ಬರ ಅಳತೆ ಎಂಬ ಮಾತು ಓಡಾಡುತ್ತದೆ. ತೂತಿನ ಅಗಲ ಸೌಟಿನಿಂದ ಸೌಟಿಗೆ ಬೇರೆ. ಅದು ನೀರು ಬಸಿಯಲಿಕ್ಕಂತೂ ಬರುತ್ತದೆ. ಅಳತೆಗೆ ನಂಬುವ ಮುನ್ನ ಪಟ್ಟಿ ಇಟ್ಟು ನೋಡಿ.

ಪೊಟ್ಟಣವೇ ತಕ್ಕಡಿ

ಪೆನ್ನೆ, ಮ್ಯಾಕರೋನಿ, ಫುಸಿಲ್ಲಿಗಳಿಗೆ ಲೋಟವನ್ನು ಹೊಂದಿಸುವ ಕ್ರಮ ಹೀಗೆ. ಹೊಸ 500 ಗ್ರಾಂ ಪೊಟ್ಟಣ ಒಡೆದು ಮರದಲ್ಲಿ ಸುರಿಯಿರಿ (ಅಕ್ಕಿ ಗೇರುವ ಮರ ಇಲ್ಲದಿದ್ದರೆ ಅಗಲ ತಟ್ಟೆ). ಮನೆಯ ಒಂದು ಲೋಟ ಗೊತ್ತು ಮಾಡಿಕೊಂಡು ತಲೆ ಸಮ ತುಂಬುತ್ತ ಡಬ್ಬಕ್ಕೆ ವರ್ಗಾಯಿಸಿ, ಎಣಿಸಿ. ಎಂಟು ಲೋಟವಾದರೆ ಒಂದು ಲೋಟಕ್ಕೆ 62 ಗ್ರಾಂ, ಐದೂವರೆ ಆದರೆ 90. ತುಂಬುವಾಗ ಲೋಟ ಕುಟ್ಟಬೇಡಿ, ಅಲುಗಿಸಬೇಡಿ. ಕುಟ್ಟಿದರೆ ಕಾಳು ಒತ್ತಿ ಕೂತು ಇನ್ನಷ್ಟು ಹಿಡಿಯುತ್ತದೆ. ಇವತ್ತು ಕುಟ್ಟಿ ನಾಳೆ ಕುಟ್ಟದಿದ್ದರೆ ಲೆಕ್ಕ ಹಾಳು. ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಡಬ್ಬದ ಮುಚ್ಚಳಕ್ಕೆ ಅಂಟಿಸಿ: ‘ಪೆನ್ನೆ, ಒಬ್ಬರಿಗೆ ಒಂದೂಕಾಲು ಲೋಟ’. ಆಕಾರ ಬದಲಾದರೆ ಮತ್ತೆ ಎಣಿಸಲೇಬೇಕು. ಕಂಪನಿ ಬದಲಾದರೂ ಒಂದು ಸಲ ನೋಡುವುದು ಒಳ್ಳೆಯದು, ಏಕೆಂದರೆ ಒಬ್ಬರ ಪೆನ್ನೆ ಗಿಡ್ಡ, ಇನ್ನೊಬ್ಬರದು ಉದ್ದ.

ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಮ್ಯಾಕರೋನಿ ಕೊಳ್ಳುವವರಿಗೆ ಇಷ್ಟೂ ರಗಳೆಯಿಲ್ಲ. ಕಾಲು ಕಿಲೋ ಎಂದರೆ ಮೂವರಿಗೆ ಸರಿ. ಆದರೆ ಅದು ಮೈದಾದ್ದೋ ಡ್ಯೂರಮ್ ಗೋಧಿ ರವೆಯದ್ದೋ ಕೇಳಿಕೊಳ್ಳಿ. ಮೈದಾದ್ದು ಬೇಗ ನೀರು ಕುಡಿದು ಉಬ್ಬಿ ಮುದ್ದೆಯಾಗುತ್ತದೆ. ಪಾತ್ರೆಯಲ್ಲಿ ಹೆಚ್ಚು ಕಾಣುತ್ತದೆ, ಹಾಗೆಂದು ಹೊಟ್ಟೆಗೆ ಹೆಚ್ಚೇನೂ ಸಿಗುವುದಿಲ್ಲ. ಗೂಡಿನ ಹಾಗೆ ಸುತ್ತಿ ಒಣಗಿಸಿದ ಟಾಲಿಯಾಟೆಲ್ಲೆಯಾದರೆ ಪೊಟ್ಟಣದ ತೂಕವನ್ನು ಗೂಡುಗಳ ಎಣಿಕೆಯಿಂದ ಭಾಗಿಸಿದರೆ ಮುಗಿಯಿತು.

ನೀರು, ಉಪ್ಪು

100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು ಎಂಬುದು ಇಟಲಿಯವರ ಸೂತ್ರ. ನಾಲ್ವರ 320 ಗ್ರಾಮಿಗೆ ಮೂರು ಲೀಟರಿಗೂ ಮೇಲೆ ನೀರು, ಅಂದರೆ ಐದು ಲೀಟರಿನ ತಪ್ಪಲೆ. ನೀರು ಕಡಿಮೆಯಾದರೆ ಪಿಷ್ಟ ದಟ್ಟವಾಗಿ ಎಳೆ ಅಂಟುತ್ತದೆ, ಉಕ್ಕಿ ಒಲೆಯ ಮೇಲೂ ಚೆಲ್ಲುತ್ತದೆ. 100 ಗ್ರಾಮಿಗೆ 700 ಮಿಲಿಲೀಟರಿನಲ್ಲೂ ಬೇಯಿಸಬಹುದು, ಮೊದಲ ಎರಡು ನಿಮಿಷ ಸೌಟು ಬಿಡದೆ ತಿರುವುತ್ತಿರಬೇಕು. ಆಗ ನೀರು ಕಡಿಮೆ ಮಾಡಿದಷ್ಟೇ ಉಪ್ಪನ್ನೂ ಇಳಿಸಿ.

ಉಪ್ಪಿನ ಚಮಚೆಯೂ ಲೋಟದಂತೆಯೇ ಮೋಸ ಮಾಡುತ್ತದೆ. ಪುಡಿ ಉಪ್ಪು ಸಣ್ಣ ಚಮಚೆಗೆ ಸುಮಾರು 6 ಗ್ರಾಂ. ಸಾಣಿಕಟ್ಟಾದ ಹರಳುಪ್ಪು ಬಳಸುವ ಮನೆಯಲ್ಲಿ ಹರಳಿನ ಗಾತ್ರಕ್ಕೆ ತಕ್ಕಂತೆ ಇದು ಬದಲಾಗುವುದರಿಂದ ಒಮ್ಮೆ ತೂಗಿ ಗುರುತು ಹಾಕಿಕೊಳ್ಳಿ. ಮೇಲೋಗರಕ್ಕೂ ಉಪ್ಪು ಬೀಳುವುದಿದ್ದರೆ ಲೀಟರಿಗೆ 7 ಗ್ರಾಂ ಸಾಕು ಎಂಬುದು ನಮ್ಮ ನಾಲಿಗೆಯ ತೀರ್ಪು. ಬಸಿಯುವಾಗ ಒಂದು ಲೋಟ ತಿಳಿ ತೆಗೆದಿಡಿ. ಅನ್ನದ ಗಂಜಿಯಂತೆ ಇದರಲ್ಲೂ ಪಿಷ್ಟವಿದೆ, ಮೇಲೋಗರ ಪಾಸ್ತಾಕ್ಕೆ ಹತ್ತಲು ಅದೇ ಬೇಕು.

ಬೆಂದ ಮೇಲೆ ಪಾಲು

ಮನೆಯಲ್ಲಿ ಎಲ್ಲರ ಹೊಟ್ಟೆಯೂ ಒಂದೇ ಅಲ್ಲ. ಅಪ್ಪ ಅಮ್ಮನಿಗೆ 80, ಅಜ್ಜಿಗೆ 60, ಮಗುವಿಗೆ 40 ಎಂದು ಒಟ್ಟು 260 ಗ್ರಾಂ ಒಂದೇ ತಪ್ಪಲೆಗೆ ಹಾಕಿದ್ದೀರಿ ಎನ್ನಿ. ಬಸಿದ ಮೇಲೆ ಒಟ್ಟು ತೂಕ ನೋಡಿ. 570 ಬಂದರೆ 260ರಿಂದ ಭಾಗಿಸಿ: 2.2. ಇನ್ನು ಪ್ರತಿಯೊಬ್ಬರ ಒಣ ತೂಕಕ್ಕೆ 2.2ರಿಂದ ಗುಣಿಸಿದರೆ ತಟ್ಟೆಗೆ 176, 132, 88 ಗ್ರಾಂ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಅನ್ನವನ್ನೂ ತೂಗಿ ಬಡಿಸುವ ರೂಢಿಯಿದ್ದರೆ ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗಟ್ಟಿಯಾಗಿ ಇಳಿಸಿದರೆ ಗುಣಕ 2ರ ಕಡೆ, ಮೆತ್ತಗಾಗಲು ಬಿಟ್ಟರೆ 2.5ರ ಕಡೆ ಹೋಗುತ್ತದೆ. ಆದ್ದರಿಂದ ಹೋದ ವಾರದ ಸಂಖ್ಯೆಯನ್ನು ಈ ವಾರಕ್ಕೆ ಎಳೆಯಬೇಡಿ. ತೂಗುವ ಮುಂಚೆ ನೀರು ಪೂರ್ತಿ ಇಳಿಯಲಿ. ಪೆನ್ನೆಯ ನಳಿಗೆಯೊಳಗೆ ನೀರು ನಿಂತಿರುತ್ತದೆ, ಜಾಲರಿಯನ್ನು ಎರಡು ಸಲ ಕೊಡವಿ.

ಮಳೆಗಾಲದಲ್ಲಿ

ಒಣ ಪಾಸ್ತಾದಲ್ಲಿ ತೇವಾಂಶ 12.5 ಶೇಕಡಾ ಮೀರಬಾರದೆಂದು ಇಟಲಿಯ ಕಾನೂನಿದೆ. ಜೂನ್ ಕಳೆದ ಮೇಲೆ ಕಾರವಾರದ ಗಾಳಿಗೆ ಪೊಟ್ಟಣ ಬಾಯಿ ತೆರೆದು ಬಿಟ್ಟರೆ ಅದು ಹಪ್ಪಳದಂತೆಯೇ ಥಂಡಿ ಎಳೆಯುತ್ತದೆ. ಒಬ್ಬರ ಪಾಲಿನಲ್ಲಿ ಒಂದೆರಡು ಗ್ರಾಂ ಹೆಚ್ಚು ತೂಗಬಹುದು, ಅದಕ್ಕಾಗಿ ಲೆಕ್ಕ ತಿದ್ದಬೇಕಿಲ್ಲ. ಮುಗ್ಗಲು ವಾಸನೆ ಬಂದರೆ ಮಾತ್ರ ಎಸೆಯಿರಿ. ತಂದ ದಿನವೇ ಇಡೀ ಪೊಟ್ಟಣವನ್ನು 80 ಗ್ರಾಂ ಪಾಲು ಮಾಡಿ ಸಣ್ಣ ಚೀಲಗಳಲ್ಲಿ ಕಟ್ಟಿ, ಗಾಳಿಯಾಡದ ಡಬ್ಬದಲ್ಲಿಟ್ಟರೆ ಪ್ರತಿ ಸಲ ದೊಡ್ಡ ಪೊಟ್ಟಣದ ಬಾಯಿ ಬಿಚ್ಚುವುದು ತಪ್ಪುತ್ತದೆ. 500 ಗ್ರಾಮಿನಲ್ಲಿ ಆರು ಚೀಲ ಆಗಿ 20 ಗ್ರಾಂ ಉಳಿಯುತ್ತದೆ. ಅದನ್ನು ಆ ದಿನದ ಸಾರಿಗೋ ಸೂಪಿಗೋ ಹಾಕಿಬಿಡಿ.