ವಾಕಿಂಗ್ ಬಿಟ್ಟ ಮೇಲೆ ನಡೆಯಲು ಶುರುಮಾಡಿದೆ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಮನೆ. ಮುಂದಿನ ಕೋಣೆಯಲ್ಲೇ ಮಷಿನ್ ಇಟ್ಟುಕೊಂಡು 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮದುವೆ ಸೀಸನ್ ಬಂತೆಂದರೆ ಬೆಳಿಗ್ಗೆ ಕೂತವಳು ಏಳುವುದು ಊಟಕ್ಕೆ, ಇಲ್ಲವೇ ಕರೆಂಟ್ ಹೋದಾಗ. ಎರಡು ವರ್ಷದ ಹಿಂದೆ ಶುಗರ್ ಟೆಸ್ಟ್ ಮಾಡಿಸಿದೆ. ಇನ್ನೇನು ಗೆರೆ ದಾಟುವುದರಲ್ಲಿತ್ತು. ಡಾಕ್ಟರು ಮಾತ್ರೆ ಬರೆಯಲಿಲ್ಲ. "ದಿನಾ ನಡೀರಿ" ಎಂದರು, ಮುಂದಿನವರನ್ನು ಕರೆದರು.

ನಡೆಯುವುದೆಂದರೆ ಬೆಳಗಿನ ವಾಕಿಂಗ್ ಎಂದೇ ನಾನು ತಿಳಿದುಕೊಂಡಿದ್ದೆ. 1,800 ರೂಪಾಯಿಯ ಶೂ ತಂದೆ. ಐದೂವರೆಗೆ ಅಲಾರಾಂ ಇಟ್ಟೆ. ಮೂರನೇ ದಿನ ತೋಟದ ರಸ್ತೆಯ ತಿರುವಿನಲ್ಲಿ ಆನೆ ಲದ್ದಿ ಬಿದ್ದಿತ್ತು. ಇನ್ನೂ ಆವಿ ಏಳುತ್ತಿತ್ತು. ಎರಡು ಕಾಫಿ ಗಿಡ ಬುಡಸಮೇತ ವಾಲಿದ್ದವು. ಬಂದ ದಾರಿಯಲ್ಲೇ ತಿರುಗಿ ಓಡಿದೆ. ಆ ದಿನದ ಮಟ್ಟಿಗೆ ವ್ಯಾಯಾಮ ಚೆನ್ನಾಗಿಯೇ ಆಯಿತು ಬಿಡಿ.

ಬುದ್ಧಿ ಬರಲಿಲ್ಲ. ಮತ್ತೆರಡು ದಿನ ಮೇನ್ ರೋಡಿನಲ್ಲಿ ಹೋದೆ. ಐದನೇ ದಿನಕ್ಕೆ ಬಲಗಾಲಿನ ಮಂಡಿ ಊದಿತು. ನಮ್ಮಲ್ಲಿ ಸಪಾಟು ರಸ್ತೆ ಎಲ್ಲಿದೆ ಹೇಳಿ? ಏರುವಾಗ ಏದುಸಿರು ಬರುತ್ತದೆ, ಅದು ಗೊತ್ತಾಗುತ್ತದೆ. ಇಳಿಯುವಾಗ ಸಲೀಸು ಅನ್ನಿಸುತ್ತದೆ, ಆದರೆ ಪ್ರತಿ ಹೆಜ್ಜೆಗೂ ಮೈಭಾರಕ್ಕೆ ಬ್ರೇಕ್ ಹಾಕುವುದು ತೊಡೆ ಮತ್ತು ಮಂಡಿ. ಅಭ್ಯಾಸ ಇಲ್ಲದವಳು ನಾಲ್ಕು ಕಿಲೋಮೀಟರ್ ಬಿರಬಿರನೆ ಹೋದರೆ ಇನ್ನೇನಾಗುತ್ತದೆ? ಹದಿನೈದು ದಿನ ಮಷಿನ್ ತುಳಿಯುವುದಕ್ಕೂ ಕಷ್ಟವಾಯಿತು. ಬಾಗಿಲಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರೆ ಅತ್ತೆ ಕೇಳಿದರು, "ಅದೆಂತ ನಡೆಯುವುದು, ಬಸ್ಸು ತಪ್ಪಿದ ಹಾಗೆ? ಅಂಗಳ ಇಲ್ವಾ?"

ಆಗ ಸಿಟ್ಟು ಬಂತು. ಆದರೆ ಅತ್ತೆಗೆ 78 ವರ್ಷ. ದಿನವಿಡೀ ಒಳಗೂ ಹೊರಗೂ ಓಡಾಡುತ್ತಲೇ ಇರುತ್ತಾರೆ. ಕರಿಬೇವು ಕೀಳಲು ಒಂದು ಸಲ, ಕೋಳಿಗೆ ನುಚ್ಚು ಹಾಕಲು ಒಂದು ಸಲ, ಗೇಟಿನ ಹತ್ತಿರ ಯಾರು ಬಂದರು ಎಂದು ನೋಡಲು ಹತ್ತು ಸಲ. ಅವರು ಯಾವತ್ತೂ ವಾಕಿಂಗ್ ಹೋದವರಲ್ಲ.

ನನ್ನ ಕೆಲಸದಲ್ಲಿ ಏಳಲೇಬೇಕಾದ ಹೊತ್ತು ಯಾವುದು ಎಂದು ಯೋಚಿಸಿದೆ. ಬಾಬಿನ್, ಅಂದರೆ ಮಷಿನ್ನಿನ ಕೆಳಗಿನ ದಾರದ ಪುಟ್ಟ ಉರುಳೆ, ಅದರ ದಾರ ಮುಗಿದಾಗ ಕೈ ನಿಲ್ಲಿಸಲೇಬೇಕು. ಮೊದಲೆಲ್ಲ ಬೆಳಿಗ್ಗೆಯೇ ಎಂಟು ಬಾಬಿನ್ ಸುತ್ತಿಟ್ಟುಕೊಂಡು ಕೂರುತ್ತಿದ್ದೆ, ಏಳುವುದು ತಪ್ಪಲಿ ಎಂದೇ. ಅದನ್ನು ನಿಲ್ಲಿಸಿದೆ. ಈಗ ಒಂದೇ ಬಾಬಿನ್ ಸುತ್ತುವುದು. ಅದು ಮುಗಿದು ಮಷಿನ್ ಖಾಲಿ ಹೊಲಿಗೆ ಹಾಕಲು ಶುರುಮಾಡಿದರೆ ಕತ್ತರಿ ಕೆಳಗಿಟ್ಟು ಗೇಟಿನವರೆಗೆ ಹೋಗಿ ಬರುವುದು. ಹೋಗಲು 90 ಹೆಜ್ಜೆ, ಬರಲು 90. ಆಮೇಲೆಯೇ ಮುಂದಿನ ಬಾಬಿನ್. ಹೊಲಿಗೆ ಜಾಸ್ತಿ ಇದ್ದ ದಿನ ನಡಿಗೆಯೂ ಜಾಸ್ತಿ. ಕಣ್ಣಿಗೂ ಒಳ್ಳೆಯದಾಯಿತು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ದಿಟ್ಟಿಸಿದ ಮೇಲೆ ದೂರದ ಸಿಲ್ವರ್ ಮರ ನೋಡಿದರೆ ಎಷ್ಟು ಹಾಯೆನಿಸುತ್ತದೆ ಗೊತ್ತಾ?

ಇಷ್ಟು ಚೂರುಚೂರು ನಡಿಗೆ ಲೆಕ್ಕಕ್ಕೆ ಬರುತ್ತಾ ಎಂಬ ಅನುಮಾನ ನನಗೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಹೇಳುತ್ತದೆ, ಸ್ವಲ್ಪ ಉಸಿರು ಜೋರಾಗುವಂಥ ನಡಿಗೆ. ಮೊದಲು ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕು ಎನ್ನುತ್ತಿದ್ದರು. 2020ರಲ್ಲಿ ಆ ಷರತ್ತು ತೆಗೆದರು. ಇನ್ನು ಎಲ್ಲರೂ ಹೇಳುವ 10,000 ಹೆಜ್ಜೆ ಇದೆಯಲ್ಲ, ಅದು ಈ ಸಂಸ್ಥೆಯ ಲೆಕ್ಕವಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು. ಫೋನ್ ತೋರಿಸುವ ನಂಬರ್ ನೋಡಿ ಬೇಜಾರು ಮಾಡಿಕೊಳ್ಳುವುದನ್ನು ಅವತ್ತೇ ಬಿಟ್ಟೆ.

ನನಗೆ ಜಾಸ್ತಿ ಉಪಯೋಗವಾಗಿದ್ದು ಮಧ್ಯಾಹ್ನದ ನಡಿಗೆ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಹೊತ್ತಿಗೆ ಕಾಲು ಆಡಿಸಿದರೆ ಕಾಲಿನ ಸ್ನಾಯುಗಳು ಅದರಲ್ಲಿ ಒಂದಷ್ಟನ್ನು ಎಳೆದುಕೊಳ್ಳುತ್ತವೆ. ಅದಕ್ಕೇ ಹೊಲಿದ ಬಟ್ಟೆಯನ್ನು ಹತ್ತಿರದವರಿಗೆ ನಾನೇ ತಲುಪಿಸಲು ಶುರುಮಾಡಿದೆ. ಕೆಳಗಿನ ಲೈನ್ ಮನೆಗೆ, ಅಂದರೆ ತೋಟದ ಕೆಲಸದವರ ಸಾಲುಮನೆಗೆ, ಹೋಗಿ ಬರಲು ಕಾಲು ಗಂಟೆ. ಮೊದಲ ದಿನ ಅಲ್ಲಿನವರು, "ಯಾಕಕ್ಕ, ನಾವೇ ಬರ್ತಿದ್ದೆವಲ್ಲ" ಎಂದು ಗಾಬರಿಯಾದರು. ದುಡ್ಡಿಗೆ ಅವಸರ ಅಂದುಕೊಂಡರೋ ಏನೋ! ಮಧ್ಯಾಹ್ನಕ್ಕೆ ಇನ್ನೊಂದು ಅನುಕೂಲ ಇದೆ. ಮುಂಜಾನೆ, ಮುಸ್ಸಂಜೆಯಷ್ಟು ಆನೆ ಭಯ ಇಲ್ಲ. ಆದರೂ ಹೊರಡುವ ಮೊದಲು ಆನೆ ಎಲ್ಲಿದೆ ಎಂದು ಊರಿನ ವಾಟ್ಸಾಪ್ ಗುಂಪು ನೋಡುತ್ತೇನೆ. ಹಲಸು ಹಣ್ಣಾಗುವ ದಿನಗಳಲ್ಲಂತೂ ತೋಟದ ಒಳದಾರಿ ಬೇಡವೇ ಬೇಡ. ಆ ವಾಸನೆಗೆ ಅವು ಎಲ್ಲಿದ್ದರೂ ಬರುತ್ತವೆ.

ಮಳೆಗಾಲದಲ್ಲಿ ಒಂದು ಸಲ ಬಿದ್ದೆ. ಜುಲೈ ತಿಂಗಳು, ಬಿಡದ ಮಳೆ. ಅಂಗಳದ ಸಿಮೆಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿ ಕಟ್ಟಿತ್ತು. ಕೊಡೆ ಒಂದು ಕಡೆ, ನಾನೊಂದು ಕಡೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಈಗ ಜೂನ್‌ನಿಂದಲೇ ಬ್ಲೀಚಿಂಗ್ ಪೌಡರ್ ಹಾಕಿ ಗಡಸು ಪೊರಕೆಯಿಂದ ಉಜ್ಜುತ್ತೇನೆ. ಅದೂ ಮೈ ಬೆವರುವ ಕೆಲಸವೇ. ಜಡಿಮಳೆಯಲ್ಲಿ ಶೀಟಿನ ಕೆಳಗೇ ಅತ್ತ ಇತ್ತ ನಡೆಯುತ್ತೇನೆ. ಮಳೆ ಸ್ವಲ್ಪ ಬಿಟ್ಟರೆ ಕೊಡೆ ಹಿಡಿದು ಗೇಟಿಗೆ. ಜಿಗಣೆಗೆ ಬಾಗಿಲ ಪಕ್ಕದಲ್ಲಿ ಉಪ್ಪಿನ ಡಬ್ಬಿ ಇದೆ.

ಮಳೆಗಾಲ ಕಳೆದರೆ ಕಷ್ಟ ಇಲ್ಲ. ಕಾಫಿ ಕೊಯ್ಲಾದ ಮೇಲೆ ಪಕ್ಕದವರ ಕಣದಲ್ಲಿ ಬಿಸಿಲಿಗೆ ಹರಡಿದ ಹಣ್ಣನ್ನು ದಿನಕ್ಕೆರಡು ಸಲ ಮಗುಚಿ ಬರುತ್ತೇನೆ. ಕೂಲಿ ಇಲ್ಲ, ಒಂದು ಲೋಟ ಬೆಲ್ಲದ ಕಾಫಿ ಕೊಡುತ್ತಾರೆ. ಬೆಲ್ಲ ಬೇಡ ಎಂದು ಹೇಳಿ ಹೇಳಿ ಸಾಕಾಗಿದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ರೊಬಸ್ಟಾ ಗಿಡ ಬೆಳ್ಳಗೆ ಅರಳಿದ ವಾರದಲ್ಲಿ ಬಾಬಿನ್ ಮುಗಿಯುವುದನ್ನು ಕಾಯುವುದೇ ಇಲ್ಲ. ಸುಮ್ನೆ ಎದ್ದು ಹೋಗುತ್ತೇನೆ.

ಹೋದ ಸಲದ ಟೆಸ್ಟ್‌ನಲ್ಲಿ ಶುಗರ್ ಆ ಗೆರೆಯಿಂದ ಇನ್ನಷ್ಟು ಕೆಳಗೆ ಇಳಿದಿತ್ತು. ಪೂರ್ತಿ ನಡಿಗೆಯಿಂದಲೇ ಎನ್ನಲಾರೆ, ರಾತ್ರಿ ಅನ್ನವನ್ನೂ ಕಡಿಮೆ ಮಾಡಿದ್ದೆ. ಮಂಡಿ ಮಾತ್ರ ಮತ್ತೆ ಊದಿಲ್ಲ. ಆ ಶೂ ಮಗಳು ಮೈಸೂರಿಗೆ ತೆಗೆದುಕೊಂಡು ಹೋದಳು. ನನಗೆ ಅಡಿಯಲ್ಲಿ ಒಳ್ಳೆ ಹಿಡಿತ ಇರುವ ರಬ್ಬರ್ ಚಪ್ಪಲಿ ಸಾಕು. ಎರಡು ಜೊತೆ ಇಟ್ಟುಕೊಂಡಿದ್ದೇನೆ, ಮಳೆಗಾಲದಲ್ಲಿ ಒಂದು ಒಣಗುತ್ತಾ ಇರಬೇಕಲ್ವಾ.