ಪಿನ್‌ಬಾಲ್ ಮಿಷನ್ನಿನ ಒಡೆದ ಪ್ಲಾಸ್ಟಿಕ್ಕು ನಾನೇ ಪ್ರಿಂಟ್ ಮಾಡಿದ್ದು

ಶಿವಮೊಗ್ಗದಲ್ಲಿ ನಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ, ಚೌಕಟ್ಟಿಗೆ ಕಟ್ಟಿದ ಸಣ್ಣ ಕಣ್ಣಿನ ಬಟ್ಟೆ ಮೂಲಕ ಇಂಕು ತಳ್ಳಿ ಅಚ್ಚು ಹಾಕೋದು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಟ್ಟೆ ಅಂಗಡಿ ಕವರ್ರು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲ್ಸ. ಕೊಪ್ಪದ ಕಡೆ ಕಾಫಿ ತೋಟ ಇರೋ ಗೌಡ್ರೊಬ್ರು ಮಗಳ ಮದುವೆ ಕಾರ್ಡ್ ಮಾಡ್ಸಕ್ಕೆ ಬಂದಿದ್ರು, ಕಾರ್ಡಿನ ಮಾತು ಮುಗಿದ್ಮೇಲೆ ಚೀಲದಿಂದ ಒಂದು ನ್ಯೂಸ್‌ಪೇಪರ್ ಪೊಟ್ಟಣ ತೆಗೆದು ಟೇಬಲ್ ಮೇಲೆ ಬಿಚ್ಚಿದ್ರು, ಒಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಚೂರು. "ಅಪ್ಪನ ಕಾಲದ ಆಟದ ಮಿಷನ್ನು, ಬಂಗ್ಲೆಲಿ ತಾರ್ಪಾಲು ಹೊದ್ಸಿ ಇಟ್ಟಿತ್ತು, ಇದು ನಿಮ್ ಕೈಲಿ ಆಗುತ್ತಾ ನೋಡಿ" ಅಂದ್ರು. ಚೂರನ್ನ ಕಿಟಕಿ ಬೆಳಕಿಗೆ ಹಿಡಿದು ನೋಡ್ದೆ, ಬಣ್ಣ ಹಿಂದುಗಡೆಯಿಂದ ಹೊಡ್ದಿದ್ದಾರೆ, ಅದೂ ಸ್ಕ್ರೀನ್ ಪ್ರಿಂಟು. ಆಗುತ್ತೆ ಗೌಡ್ರೇ ಅಂದ್ಬಿಟ್ಟೆ.

ಅದು ಪಿನ್‌ಬಾಲ್ ಮಿಷನ್ನು, ಗಾಜಿನ ಕೆಳಗಿನ ಇಳಿಜಾರು ಹಲಗೆ ಮೇಲೆ ಚೆಂಡು ಓಡ್ಸಿ ಸ್ಕೋರ್ ಮಾಡೋ ಆಟ. ಮಿಷನ್ನು ಅಮೆರಿಕದ ಶಿಕಾಗೋದ ಗಾಟ್‌ಲೀಬ್ ಕಂಪನೀದು, 1970ರ ದಶಕದ್ದು. ಕಂಪ್ಯೂಟರ್ ಚಿಪ್ಪು ಒಂದೂ ಇಲ್ಲ, ಎಲ್ಲಾ ರಿಲೇ (ಕರೆಂಟಿಂದ್ಲೇ ಆನ್ ಆಫ್ ಆಗೋ ಸ್ವಿಚ್ಚು), ಕಾಯಿಲ್, ಸ್ಕೋರು ತೋರ್ಸಕ್ಕೆ ತಿರುಗೋ ಚಕ್ರ. ನಾವು ಗುಂಡಿ ಒತ್ತಿದ್ರೆ ಚೆಂಡನ್ನ ಮೇಲಕ್ಕೆ ಹೊಡೆಯೋ ಫ್ಲಿಪ್ಪರ್ ಅನ್ನೋದನ್ನ ಮೊದಲು ತಂದಿದ್ದೂ ಇದೇ ಕಂಪನಿ, 1947ರಲ್ಲಿ. ಕರೆಂಟಿನ ಕೆಲ್ಸ ನಂದಲ್ಲ, ಅದನ್ನ ಟಿವಿ ರಿಪೇರಿ ಮಾಡೋ ಗೆಳೆಯ ನೋಡ್ಕೊಂಡ, ಅಲ್ಲಿನ ಕರೆಂಟು 115 ವೋಲ್ಟಿನ ಆಸುಪಾಸು ನಮ್ದು 230, ಹಂಗಾಗಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡ್ಸಿದ.

ನನ್ನ ಪಾಲಿಗೆ ಬಂದಿದ್ದು ಆಟದ ಹಲಗೆ ಮೇಲೆ ಕಂಬಗಳ ಮೇಲೆ ಕೂರೋ ಚಪ್ಪಟೆ ಪ್ಲಾಸ್ಟಿಕ್ಕು, ಮತ್ತೆ ಬಂಪರ್, ಅಂದ್ರೆ ಚೆಂಡು ತಾಗಿದ್ರೆ ಒದ್ದು ಎಸೆಯೋ ಗುಂಡನೆ ಕಂಬ, ಅದರ ಮೇಲಿನ ಒಂದು ಟೋಪಿ. ಚಪ್ಪಟೆ ಪ್ಲಾಸ್ಟಿಕ್ಕು ಒಂದೂವರೆ ಮಿ.ಮೀ ದಪ್ಪ ಅಷ್ಟೇ. ಎರಡು ಫ್ಲಿಪ್ಪರ್ ಮೇಲ್ಗಡೆ ತ್ರಿಕೋನದ ಥರ ಇರುತ್ತಲ್ಲ, ಸ್ಲಿಂಗ್‌ಶಾಟ್ ಅಂತಾರೆ, ಅಲ್ಲಿಂದು ಎರಡೂ ಒಡೆದಿತ್ತು, ಹೆಚ್ಚಿನ ಮಿಷನ್ನಲ್ಲಿ ಮೊದಲು ಹೋಗೋದು ಅವೇ. ಚೆಂಡು 27 ಮಿ.ಮೀ ಉಕ್ಕಿನ ಗುಂಡು, 80 ಗ್ರಾಂ ತೂಕ, ಅಲ್ಲಿ ರಬ್ಬರ್ ಒದ್ದು ಎಸೆಯುತ್ತೆ, ಎಗರಿದಾಗ ಪ್ಲಾಸ್ಟಿಕ್ ಅಂಚಿಗೇ ಬಡಿಯೋದು. ಅದರ ಜೊತೆಗೆ ಕೆಳಗೆ ಹಳೇ ಫಿಲಮೆಂಟ್ ಬಲ್ಬು, ವರ್ಷಾನುಗಟ್ಲೆ ಶಾಖಕ್ಕೆ ಪ್ಲಾಸ್ಟಿಕ್ಕು ಹಪ್ಪಳದ ಥರ ಸೊಟ್ಟಗಾಗಿತ್ತು.

ಮೊದಲು ಸುಲಭದ ದಾರಿ ಹಿಡಿದೆ. ಊರಲ್ಲೇ ಬೋರ್ಡು ಮಾಡೋ ಅಂಗಡೀಲಿ ಯುವಿ ಬೆಳಕಲ್ಲಿ ಇಂಕು ಒಣಗ್ಸೋ ಯುವಿ ಪ್ರಿಂಟರ್ ಇದೆ, ಅಕ್ರಿಲಿಕ್ ಮೇಲೆ ಪ್ರಿಂಟು ಹಾಕಿಸಿ ಲೇಸರಲ್ಲಿ ಕಟ್ ಮಾಡ್ಸಿದೆ, ಮಧ್ಯಾಹ್ನಕ್ಕೆ ಕೈಗೆ ಬಂತು, ಟೇಬಲ್ ಮೇಲೆ ಇಟ್ರೆ ಹೊಸದರಂಗೆ ಥಳಥಳ. ಕೊಪ್ಪಕ್ಕೆ ತಗೊಂಡೋಗಿ ಕೂರಿಸಿ ಬಲ್ಬ್ ಹಾಕಿದ್ರೆ ಕೆಂಪು ಜಾಗ ಎಲ್ಲಾ ಮರಳು ಎರಚ್ದಂಗೆ ಕಾಣ್ತಿತ್ತು, ಯಾಕಂದ್ರೆ ಆ ಪ್ರಿಂಟರ್ ಕೆಂಪನ್ನ ಸಣ್ಣ ಸಣ್ಣ ಚುಕ್ಕೆ ಸೇರ್ಸಿ ಮಾಡುತ್ತೆ, ಹಿಂದಿಂದ ಬೆಳಕು ಬಿದ್ರೆ ಚುಕ್ಕೆ ಎದ್ದು ಕಾಣುತ್ತೆ. ಮೂಲದಲ್ಲಿ ಕೆಂಪು ಅಂದ್ರೆ ಒಂದೇ ಇಂಕು, ಕಲೆಸಿ ಮಾಡಿದ ಕೆಂಪು, ತುಂಬಿದ ಕೆಂಪು. ಎರಡನೇ ದಿನ ಗೌಡ್ರ ಮೊಮ್ಮಗ ಆಡ್ತಿರೋವಾಗ ಸ್ಕ್ರೂ ಪಕ್ಕದಿಂದ ಟಪ್ ಅಂತ ಸೀಳು ಬಿಟ್ತು. ಅಕ್ರಿಲಿಕ್ ನೋಡಕ್ಕೆ ಗಾಜಿನಂಗೆ ಚೆಂದ, ಏಟಿಗೂ ಗಾಜಿನ ಬುದ್ಧಿನೇ. ಅವತ್ತು ಕೊಪ್ಪದಿಂದ ವಾಪಸ್ ಬರೋವಾಗ ಬಸ್ಸಲ್ಲೇ ತೀರ್ಮಾನ ಮಾಡ್ದೆ, ಇದನ್ನ ಅವ್ರು ಹೆಂಗೆ ಮಾಡಿದ್ರೋ ಹಂಗೇ ಒಂದೊಂದು ಬಣ್ಣನೂ ಬೇರೆ ಬೇರೆ ಸ್ಕ್ರೀನ್ ಕಟ್ಟಿ ಹೊಡೀಬೇಕು, ಸರಿ ಹೋಯ್ತಾ ಇಲ್ವಾ ಅನ್ನೋದನ್ನ ಬಲ್ಬಿನ ಮೇಲೆ ಇಟ್ಟೇ ನೋಡ್ಬೇಕು ಅಂತ.

ಹಾಳೆ ಬೆಂಗಳೂರಿಂದ ತರಿಸ್ದೆ, ಒಂದೂವರೆ ಮಿ.ಮೀ ಪಾಲಿಕಾರ್ಬೊನೇಟ್, ಕಾರ್ ಶೆಡ್ಡಿಗೆ ಹಾಕೋ ಗೂಡುಗೂಡಿನದ್ದಲ್ಲ, ಗಟ್ಟಿ ಪಾರದರ್ಶಕ ಹಾಳೆ. ಸುತ್ತಿಗೆಲಿ ಹೊಡುದ್ರೂ ಸೀಳಲ್ಲ. ಪಿಇಟಿಜಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ಕೂ ಒಳ್ಳೇದೇ, ಕತ್ತರಿಸಕ್ಕೆ ಇನ್ನೂ ಸುಲಭ, ಆದ್ರೆ ಅದು 80 ಡಿಗ್ರಿ ಹತ್ರಕ್ಕೆಲ್ಲ ಮೆತ್ತಗಾಗುತ್ತೆ, ಪಾಲಿಕಾರ್ಬೊನೇಟ್ 147 ಡಿಗ್ರಿ ತನಕ ತಡೆಯುತ್ತೆ, ಬಲ್ಬಿನ ತಲೆ ಮೇಲೇ ಕೂರೋ ವಸ್ತು ಅಂದ್ಮೇಲೆ ನಾನು ಇದನ್ನೇ ಹಿಡ್ಕೊಂಡೆ. ಒಂದು ಎಚ್ಚರ, ಇದನ್ನ ಥಿನ್ನರ್ ಹಾಕಿ ಒರೆಸ್ಬೇಡಿ. ತೂತು ಕೊರೆದ ಒಂದು ಸ್ಯಾಂಪಲ್ ತುಂಡನ್ನ ನಾನು ಅಭ್ಯಾಸಬಲದಿಂದ ಥಿನ್ನರ್ ಬಟ್ಟೆಲಿ ಒರೆಸಿ ಇಟ್ಟೆ, ಬೆಳಿಗ್ಗೆ ನೋಡಿದ್ರೆ ತೂತಿನ ಸುತ್ತ ಕೂದಲೆಳೆ ಥರ ಸೀಳು. ಆಮೇಲಿಂದ ಸೋಪ್ ನೀರು, ಇಲ್ಲಾಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಅಷ್ಟೇ. ಇಂಕೂ ಹಂಗೇ, ಅಂಗಡಿಯವ್ರಿಗೆ ಪಾಲಿಕಾರ್ಬೊನೇಟಿಗೆ ಅಂತ ಹೇಳೇ ತಗೋಬೇಕು, ತಂದ್ಮೇಲೂ ಚೂರಿನ ಮೇಲೆ ಹೊಡೆದು ಎರಡು ದಿನ ಬಿಟ್ಟು ನೋಡ್ಬೇಕು.

ಒಡೆದ ಚೂರುಗಳನ್ನ ಸ್ಕ್ಯಾನ್ ಮಾಡೋಕ್ಕಿಂತ ಮುಂಚೆ ನೆಟ್ಟಗೆ ಮಾಡ್ಬೇಕಿತ್ತು. ಎರಡು ಗಾಜಿನ ಮಧ್ಯೆ ಬಟರ್ ಪೇಪರ್ ಹಾಕಿ ಇಟ್ಟು ಮನೆ ಓವನ್ನಲ್ಲಿ 80 ಡಿಗ್ರಿ ಕೊಟ್ಟು, ಬಾಗ್ಲು ತೆಗೀದೆ ರಾತ್ರಿ ಪೂರ್ತಿ ತಣಿಯಕ್ಕೆ ಬಿಟ್ಟೆ, ಬಿಸಿ ಇರೋವಾಗ ತೆಗೆದ್ರೆ ಮತ್ತೆ ಸೊಟ್ಟಗೇ. ಸ್ಕ್ಯಾನರ್ ವಿಷ್ಯದಲ್ಲಿ ಒಳಗೆ ಲೆನ್ಸ್ ಇರೋ ನಮ್ಮ ಹಳೇ ದಪ್ಪ ಸಿಸಿಡಿ ಸ್ಕ್ಯಾನರ್ರೇ ಕೈ ಹಿಡೀತು. ಈಗಿನ ತೆಳ್ಳಗಿನ ಸ್ಕ್ಯಾನರ್ ಗಾಜಿಗೆ ಅಂಟ್ಕೊಂಡಿರೋದನ್ನ ಮಾತ್ರ ಸ್ಪಷ್ಟ ಹಿಡಿಯುತ್ತೆ, ಇಲ್ಲಿ ಚಿತ್ರ ಇರೋದು ಪ್ಲಾಸ್ಟಿಕ್ಕಿನ ಹಿಂದೆ, ಆ ಒಂದೂವರೆ ಮಿ.ಮೀ ಅಂತರಕ್ಕೇ ಮಸುಕು ಬರುತ್ತೆ. 600 ಡಿಪಿಐಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಮೇಲೆ ಹೊಸದಾಗಿ ಗೆರೆ ಎಳೆದು ಸ್ಕ್ರೀನ್ ಮಾಡಕ್ಕೆ ಬಣ್ಣಕ್ಕೊಂದು ಫಿಲ್ಮ್ ತೆಗೆದೆ. ತೂತಿನ ಅಳತೆ ಮಾತ್ರ ಹಳೇ ಪ್ಲಾಸ್ಟಿಕ್ಕಿಂದ ತಗೊಳ್ಲಿಲ್ಲ, ಹಲಗೆ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಕಂಬಗಳ ತಲೆ ಗುರುತು ಹಾಕ್ಕೊಂಡೆ, ಸೊಟ್ಟಾಗಿ ಕುಗ್ಗಿದ್ದನ್ನ ನಂಬಿ ಕೊರೆದ್ರೆ ಸ್ಕ್ರೂ ಕೂರಲ್ಲ.

ಬಣ್ಣ ಹುಡುಕಿದ್ದನ್ನ ಹೇಳ್ಲೇಬೇಕು. ಕೆಂಪು ಮಾಸಿ ಇಟ್ಟಿಗೆ ಬಣ್ಣ ಆಗಿತ್ತು, ನೀಲಿ ಹಸಿರಿಗೆ ತಿರುಗಿತ್ತು, ಮೂಲ ಎಂಥದ್ದು ಅಂತ ಹೆಂಗೆ ಗೊತ್ತಾಗ್ಬೇಕು? ಸ್ಕ್ರೂ ತಲೆ ಕೆಳಗಿನ ವಾಷರ್ ತೆಗೆದು ನೋಡ್ದೆ, ಐವತ್ತು ವರ್ಷ ಬೆಳಕೇ ಬೀಳದ ಜಾಗ, ಅಲ್ಲಿ ಉಂಗುರದಷ್ಟು ಅಗಲಕ್ಕೆ ಕುಂಕುಮದಂಥ ಕೆಂಪು ಹಂಗೇ ಉಳ್ಕೊಂಡಿತ್ತು! ನಾಲ್ಕು ಕಡೆ ವಾಷರ್ ಬಿಚ್ಚಿ ನಾಲ್ಕು ಬಣ್ಣ ಸಿಕ್ತು, ಅದಕ್ಕೆ ಹಿಡಿದು ಇಂಕು ಕಲೆಸ್ದೆ.

ಇನ್ನು ಹೊಡೆಯೋದು. ಲಗ್ನಪತ್ರಿಕೆಗೆ ನಾವು ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ, ಗೆರೆ ಅಕ್ಷರ ಎಲ್ಲಾ ಕೊನೆಗೆ. ಇಲ್ಲಿ ಪೂರ್ತಿ ತಿರುಗಾಮುರುಗಾ, ಅಂಗಡಿ ಗಾಜಿನ ಬಾಗ್ಲಿಗೆ ಪೇಂಟರ್ರು ಒಳಗಿಂದ ಉಲ್ಟಾ ಬರೀತಿದ್ರಲ್ಲ ಹಂಗೆ. ಚಿತ್ರ ಕನ್ನಡಿ ಬಿಂಬದಂಗೆ ಇರ್ಬೇಕು, ಕಪ್ಪು ಗೆರೆ ಮೊದಲು, ಅದರ ಬೆನ್ನಿಗೆ ಕೆಂಪು, ನೀಲಿ, ಹಳದಿ, ಮೈಬಣ್ಣ, ಎಲ್ಲದರ ಹಿಂದೆ ಕೊನೆಗೆ ಬಿಳಿ. ಕಪ್ಪು ಗೆರೆ ಮೊದಲೇ ಕೂತಿರೋದ್ರಿಂದ ಬಣ್ಣ ಅರ್ಧ ಮಿ.ಮೀ ಅತ್ತಿತ್ತ ಆದ್ರೂ ಮುಂದಿಂದ ಗೆರೆ ಮುಚ್ಕೊಳ್ಳುತ್ತೆ.

ಬಿಳಿಲೇ ನನಗೆ ಮೂರು ವಾರ ಹೋಯ್ತು. ಈ ಬಿಳಿ ಕೆಲ್ಸ ಏನಪ್ಪಾ ಅಂದ್ರೆ ಮುಂದಿನ ಬಣ್ಣಕ್ಕೆ ಮೈ ಕೊಡೋದು, ಹಿಂದಿನ ಬಲ್ಬಿನ ಬೆಳಕನ್ನ ಹರಡೋದು, ಎರಡೂ ಒಟ್ಟಿಗೆ ಆಗ್ಬೇಕು. ಒಂದು ಕೋಟು ಹೊಡುದ್ರೆ ಬಲ್ಬು ಇರೋ ಜಾಗ ಒಂದು ಬೆಂಕಿ ಚುಕ್ಕೆ ಥರ, ಸುತ್ತ ಕತ್ತಲೆ, ಜೊತೆಗೆ ಹೋಲ್ಡರ್ ನೆರಳು ಬೇರೆ. ಮೂರು ಕೋಟು ಹೊಡುದ್ರೆ ಬೆಳಕೇ ಬರಲ್ಲ, ಚಿತ್ರ ಸತ್ತಂಗೆ. ಎರಡು ಕೋಟು ಸರಿ ಅನ್ನಿಸ್ತು, ಆದ್ರೂ ಸ್ವಲ್ಪ ಹಳದಿ ಕಡೆ ಮಂಕು ಇತ್ತು, ಬಿಳಿಗೆ ಸ್ವಲ್ಪ ದೊಡ್ಡ ಕಣ್ಣಿನ ಬಟ್ಟೆ ಕಟ್ಟಿದ ಸ್ಕ್ರೀನ್ ತಗೊಂಡು ಇಂಕಿಗೆ ಪಾರದರ್ಶಕ ಬೇಸ್ ಸೇರ್ಸಿ ಎರಡು ಕೋಟು ಹೊಡೆದ್ಮೇಲೆ ಕೂತ್ಕೊಳ್ತು. ಇದನ್ನ ನೋಡಕ್ಕೆ ಅಂತ್ಲೇ ಒಂದು ಮರದ ಡಬ್ಬದಲ್ಲಿ ಅದೇ ಮಿಷನ್ನಿನ 6.3 ವೋಲ್ಟ್ ಬಲ್ಬು ಕೂರಿಸ್ಕೊಂಡಿದ್ದೆ, ಮಿಷನ್ನಲ್ಲಿ ಇದ್ದಷ್ಟೇ ಎತ್ತರಕ್ಕೆ ಪ್ಲಾಸ್ಟಿಕ್ ಇಡಕ್ಕೆ ನಾಲ್ಕು ಮೊಳೆ, ಅಂಗಡಿ ಲೈಟ್ ಆರಿಸಿ ನೋಡೋದು. ಧೂಳು ಕೂತಿದ್ದ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಉಳಿದ್ರೂ ನಕ್ಷತ್ರದ ಥರ ಮಿನುಗುತ್ತೆ, ಅದನ್ನ ಸಣ್ಣ ಬ್ರಷ್ಷಲ್ಲಿ ಒಂದೊಂದಾಗಿ ಮುಚ್ದೆ. ಮನೆಯವ್ಳು ಊಟಕ್ಕೆ ಕರೆಯಕ್ಕೆ ಬಂದೋಳು ಕತ್ತಲಲ್ಲಿ ಆ ಡಬ್ಬ ನೋಡಿ ಅಲ್ಲೇ ನಿಂತ್ಕೊಂಡ್ಳು.

ಕತ್ತರ್ಸಕ್ಕೆ ಲೇಸರ್ ಬೇಡ, ಪಾಲಿಕಾರ್ಬೊನೇಟ್ ಅಂಚು ಕಂದಾಗಿ ಸೀಯುತ್ತೆ, ಹೊಗೆನೂ ಕೆಟ್ಟದ್ದು. ದೇವರ ಕೋಣೆ ಬಾಗ್ಲಿಗೆ ಜಾಲಿ ಕೊರೆಯೋ ಸಿಎನ್‌ಸಿ (ಕಂಪ್ಯೂಟರ್ ಓಡ್ಸೋ ಕೊರೆಯೋ ಮಿಷನ್ನು) ಅಂಗಡೀಲಿ ಒಬ್ಬ ಹುಡುಗ ನಿಧಾನಕ್ಕೆ ಓಡ್ಸಿ ಚೆನ್ನಾಗಿ ಕೊರೆದುಕೊಟ್ಟ, ಮುಂದಿನ ಪ್ಲಾಸ್ಟಿಕ್ ಪೊರೆ ಕಿತ್ತಿರ್ಲಿಲ್ಲ, ಹಂಗಾಗಿ ಗೀರು ಬೀಳ್ಲಿಲ್ಲ. ಅಂಚನ್ನ 400, 800, 1000 ನಂಬರಿನ ನೀರು ಪೇಪರಲ್ಲಿ (ನೀರು ಹಾಕಿ ಉಜ್ಜೋ ಉಪ್ಪುಕಾಗದ) ಉಜ್ಜಿದೆ. ತೂತು ಸ್ಕ್ರೂಗಿಂತ ಒಂದು ಚೂರು ದೊಡ್ಡದೇ ಇರ್ಲಿ, ಬಿಗಿ ಮಾಡೋವಾಗ ಕೈಬಿಗಿ ಸಾಕು. ಸ್ಲಿಂಗ್‌ಶಾಟಿಗೆ ಅದೇ ಆಕಾರದ್ದು, ಅಂಚಿಗೆ ಒಂದು ಮಿ.ಮೀ ಹೊರಗೆ ಬರೋ ಥರ, ಬರೀ ಪಾರದರ್ಶಕ ತುಂಡು ಕೊರೆಸಿ ಕೆಳಗೆ ಇಟ್ಟೆ, ಈಗ ಚೆಂಡಿನ ಏಟು ಮೊದಲು ಅದಕ್ಕೆ.

ಬಂಪರ್ ಟೋಪಿ ಮಾಡಕ್ಕೆ ಹೋಗಿದ್ದು ಆರಿದ್ರಾ ಮಳೇಲಿ, ತಪ್ಪು ಅಲ್ಲೇ ಆಗಿದ್ದು. ಒಡೀದೆ ಉಳಿದಿದ್ದ ಟೋಪಿಯಿಂದ ಸಿಲಿಕಾನ್ ಅಚ್ಚು ತೆಗೆದೆ, ಮೊದಲನೇ ಅಚ್ಚು ಜೇಡಿಗೆ ತಾಗಿದ ಕಡೆ ಗಟ್ಟಿ ಆಗ್ಲೇ ಇಲ್ಲ, ಜಿಗಿಜಿಗಿ, ಮಕ್ಕಳ ಕ್ಲೇನಲ್ಲಿ ಗಂಧಕ ಇದ್ರೆ ಪ್ಲಾಟಿನಂ ಸಿಲಿಕಾನ್ (ಪ್ಲಾಟಿನಂ ಸೇರ್ಸಿ ಗಟ್ಟಿ ಮಾಡೋ ಥರದ್ದು) ಹಂಗೇ ಮಾಡುತ್ತೆ. ಗಂಧಕ ಇಲ್ಲದ ಕ್ಲೇ ತರಿಸಿ ಅಚ್ಚು ಸರಿ ಮಾಡ್ದೆ. ಆಮೇಲೆ ಎರಡು ಭಾಗ ಕಲೆಸಿದ್ರೆ ಗಟ್ಟಿಯಾಗೋ ಪಾಲಿಯುರೆಥೇನ್ ರೆಸಿನ್ ಸುರಿದ್ರೆ ನೊರೆ! ಅದರ ಒಂದು ಭಾಗ ಗಾಳೀಲಿರೋ ತೇವ ಹಿಡಿದ್ರೆ ಗ್ಯಾಸ್ ಬಿಡುತ್ತೆ, ಮಲೆನಾಡ ಮಳೆಗಾಲದಲ್ಲಿ ಗೋಡೆನೇ ಬೆವರ್ತಿರುತ್ತೆ, ಬಾಟ್ಲಿ ಮುಚ್ಚಳ ತೆಗೆದಷ್ಟು ಹೊತ್ತಿಗೇ ಸಾಕು. ಪುನರ್ವಸು, ಪುಷ್ಯ ಎರಡೂ ಕಳೀತು, ಐದು ಟೋಪಿ ಹಾಳು. ಕೈ ಬಿಟ್ಟು ಸಂಕ್ರಾಂತಿ ಕಳೆದ್ಮೇಲೆ ಬಿಸಿಲಲ್ಲಿ ಮತ್ತೆ ಶುರು ಮಾಡ್ದೆ, ಹೊಸ ಬಾಟ್ಲಿ, ಅಚ್ಚನ್ನ ಮೊದಲೇ ಬೆಚ್ಚಗೆ ಮಾಡಿ ಒಣಗ್ಸಿ, ಬಾಟ್ಲಿ ಜೊತೆ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್. ಎರಡನೇದೇ ಗುಳ್ಳೆ ಇಲ್ದೆ ಬಂತು. ಮೇಲಿನ ಅಕ್ಷರ ರೇಡಿಯಂ ಸ್ಟಿಕ್ಕರ್ ಅಂಗಡೀಲಿ ಕತ್ತರ್ಸಿ ಅಂಟಿಸ್ದೆ. ಮಿಷನ್ನಿನ ಬಲ್ಬು ಕೆಲವನ್ನ ಎಲ್‌ಇಡಿಗೆ ಬದಲಾಯಿಸ್ದೆ, ಟೋಪಿ ಒಳಗೆ ಶಾಖ ನಿಲ್ಲೋ ಜಾಗದ್ದು ಮಾತ್ರ, ಉಳಿದ ಕಡೆ ಹಳೇ ಬಲ್ಬಿನ ಬೆಚ್ಚಗಿನ ಬೆಳಕೇ ಇರ್ಲಿ ಅಂತ ಗೌಡ್ರೂ ಅಂದ್ರು, ನನಗೂ ಅದೇ ಇಷ್ಟ.

ಮಾಡಿದ್ದನ್ನೆಲ್ಲಾ ಕೂರಿಸಿ ಸಾಯಂಕಾಲ ಸ್ವಿಚ್ ಹಾಕಿದ್ದು. ಗೌಡ್ರು ಹಾಲಿನ ಲೈಟ್ ಆರಿಸಿ ಮಿಷನ್ ಗಾಜಿನ ಮೇಲೆ ಬಗ್ಗಿ ನೋಡಿದ್ರು, "ಇದೇ ಕೆಂಪು ಕಣ್ರೀ" ಅಂದ್ರು, ಇನ್ನೇನೂ ಮಾತಾಡ್ಲಿಲ್ಲ.

ಹಾಳೆಗೆ ನಾಲ್ಕು ಸೆಟ್ ಹೊಡ್ದಿದ್ದೆ, ಮೂರು ಬಟರ್ ಪೇಪರಲ್ಲಿ ಸುತ್ತಿ ಅಂಗಡಿ ಅಟ್ಟದಲ್ಲಿದೆ, ಫಿಲ್ಮೂ ಇಟ್ಕೊಂಡಿದ್ದೀನಿ. ಮೇಲ್ಗಡೆ ಎಡಗಡೆದು ಒಂದು ತುಂಡು ಮಾತ್ರ ಬಾಕಿ, ಅದರ ಅರ್ಧ ಚಿತ್ರವೇ ಸಿಕ್ಕಿಲ್ಲ. ಗೌಡ್ರ ಮನೇಲಿ ಹಳೇ ಆಲ್ಬಮ್ಮಲ್ಲಿ ಅವ್ರ ಅಕ್ಕ ಚಿಕ್ಕವ್ರಿದ್ದಾಗ ಮಿಷನ್ ಪಕ್ಕ ನಿಂತ ಫೋಟೋ ಇದ್ಯಂತೆ, ಮುಂದಿನ ವಾರ ಅದನ್ನ ಸ್ಕ್ಯಾನ್ ಮಾಡಕ್ಕೆ ಹೋಗ್ತಿದ್ದೀನಿ.